ಉಂಡೆಯ ಲೆಕ್ಕ ಆಮೇಲೆ, ಮೊದಲು ನಿಮ್ಮ ಕೊನೆಯ ಸಾಲು

ಪ್ರಶ್ನೆ: ನನಗೆ 37 ವರ್ಷ, ತೂಕ 60 ಕೆ.ಜಿ. 8 ಮತ್ತು 3 ವರ್ಷದ ಇಬ್ಬರು ಮಕ್ಕಳಿದ್ದಾರೆ, ಜೊತೆಗೆ ಪೂರ್ತಿ ದಿನದ ಕೆಲಸ. ಒಂದು ವರ್ಷದಿಂದ ವಾರಕ್ಕೆ ಮೂರು ದಿನ, ಬೆಳಿಗ್ಗೆ ಐದೂವರೆಗೆ ಗೆಳತಿಯ ಜೊತೆ ಓಡುತ್ತೇನೆ. ಸುಮಾರು 6 ಕಿ.ಮೀ. ದಿನದಲ್ಲಿ ನನ್ನದು ಅಂತ ಇರುವ ಹೊತ್ತು ಅದೊಂದೇ. ಭಾನುವಾರ ಕೂತು ಖರ್ಜೂರ, ಬಾದಾಮಿ, ಓಟ್ಸ್, ಸ್ವಲ್ಪ ಜೇನುತುಪ್ಪ ಹಾಕಿ ಉಂಡೆ ಕಟ್ಟುತ್ತೇನೆ. ನನಗೊಂದು ಡಬ್ಬಿ, ಅವಳಿಗೊಂದು ಡಬ್ಬಿ. ಓಡುವುದಕ್ಕೆ ಹತ್ತು ನಿಮಿಷ ಮುಂಚೆ ಎರಡು ತಿನ್ನುತ್ತೇನೆ, ಓಡಿ ಬಂದ ಮೇಲೆ ಒಂದು. ಆಮೇಲೆ ಮಕ್ಕಳನ್ನು ಹೊರಡಿಸಿ, ನಾನೂ ಹೊರಟು, ಬೆಳಗಿನ ತಿಂಡಿ ತಿನ್ನುವಾಗ ಹತ್ತೂವರೆ ಆಗಿರುತ್ತದೆ. ಮಧ್ಯಾಹ್ನ ಕಣ್ಣು ಎಳೆಯುವಷ್ಟು ಸುಸ್ತು. ಸಂಜೆ ಮನೆಗೆ ಬಂದವಳು ಅಡುಗೆಮನೆಯಲ್ಲಿ ನಿಂತುಕೊಂಡೇ ಐದಾರು ಉಂಡೆ ತಿಂದುಬಿಡುತ್ತೇನೆ, ಆಮೇಲೆ ಬೇಜಾರು. ಓಡುವಾಗ ಹೊಟ್ಟೆ ಹಿಡಿದುಕೊಳ್ಳುತ್ತದೆ. ಗೆಳತಿ ಹಾಫ್ ಮ್ಯಾರಥಾನ್‌ಗೆ ತಯಾರಾಗುತ್ತಿದ್ದಾಳೆ, ಎರಡು ತಿಂಗಳಿಂದ ಅವಳ ವೇಗ ಜಾಸ್ತಿಯಾಗಿದೆ, ನಾನು ಏದುಸಿರು ಬಿಡುತ್ತಾ ಹಿಂದೆ ಹಿಂದೆ. ಇದೇ ಎರಡು ತಿಂಗಳಲ್ಲಿ ನನ್ನ ತೂಕ 1 ಕೆ.ಜಿ. ಏರಿದೆ! ಹೆಂಗಸರು ಹೀಗೆ ಓಡಿದರೆ ಗರ್ಭಕೋಶ ಜಾರುತ್ತದೆ, ಮಂಡಿ ಸವೆಯುತ್ತದೆ ಅಂತ ಅಮ್ಮ ಹೇಳುತ್ತಾರೆ. ನಾನು ಉಂಡೆ ಬಿಡಬೇಕಾ, ಓಟ ಬಿಡಬೇಕಾ? ಚಿಕ್ಕವನಿಗೂ ಇದೇ ಉಂಡೆ ಕೊಡಬಹುದಾ? ಇನ್ನೊಂದು, ಇಳಿಜಾರಿನಲ್ಲಿ ಓಡುವಾಗ ಸ್ವಲ್ಪ ಮೂತ್ರ ಸೋರುತ್ತದೆ. ಎರಡು ಹೆರಿಗೆ ಆದವರಿಗೆ ಇದು ಮಾಮೂಲು ತಾನೇ?

ಉತ್ತರ: ಅರ್ಧ ಪತ್ರ ಉಂಡೆಯ ಬಗ್ಗೆ ಇದೆ. ಮೂತ್ರ ಸೋರುವ ವಿಷಯ ಕೊನೆಗೆ ಒಂದೇ ಸಾಲಿನಲ್ಲಿ ಬಂದು ಹೋಗಿದೆ. ಕ್ಲಿನಿಕ್‌ನಲ್ಲೂ ಹೀಗೇ. ಮಂಡಿ ತೋರಿಸಲು ಬಂದವರು ಎಲ್ಲ ಮುಗಿಸಿ, ಎದ್ದು, ಬಾಗಿಲ ಹಿಡಿಕೆಯ ಮೇಲೆ ಕೈ ಇಟ್ಟು "ಡಾಕ್ಟ್ರೇ, ಇನ್ನೊಂದು ವಿಷಯ" ಅನ್ನುತ್ತಾರೆ. ಕ್ರೀಡಾ ವೈದ್ಯೆಯಾಗಿ ನಾನು ಇಷ್ಟು ವರ್ಷದಲ್ಲಿ ಕಲಿತದ್ದು ಇದು: ಆ ಇನ್ನೊಂದು ವಿಷಯವೇ ಬಹಳ ಸಲ ಅಸಲಿ ವಿಷಯ. ಹಾಗಾಗಿ ನಿಮ್ಮ ಪತ್ರವನ್ನು ನಾನು ಕೊನೆಯಿಂದ ಓದುತ್ತೇನೆ.

ಅದಕ್ಕೂ ಮುಂಚೆ, ನೀವು ಕಾಯುತ್ತಿರುವ ಉತ್ತರ ಕೊಟ್ಟುಬಿಡುತ್ತೇನೆ. ಓಟವನ್ನೂ ಬಿಡಬೇಡಿ, ಉಂಡೆಯನ್ನೂ ಬಿಡಬೇಡಿ. ಗೆಳತಿಯನ್ನಂತೂ ಬಿಡಲೇಬೇಡಿ. ಬದಲಾಗಬೇಕಾದದ್ದು ಉಂಡೆ ತಿನ್ನುವ ಹೊತ್ತು, ಬೆಳಗಿನ ತಿಂಡಿಯ ಹೊತ್ತು, ಮತ್ತೆ ಓಟದ ವೇಗ.

ಈಗ ಆ ಸಾಲಿಗೆ ಬರೋಣ. ಮಾಮೂಲಾ ಅಂತ ಕೇಳಿದ್ದೀರಿ. ತುಂಬಾ ಜನರಿಗೆ ಆಗುತ್ತದಾ ಅಂದರೆ, ಹೌದು. ಹೆರಿಗೆಯ ನಂತರದ ತಿಂಗಳುಗಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಇರುತ್ತದೆ. ಸಹಿಸಿಕೊಂಡು ಇದ್ದುಬಿಡಬೇಕಾ ಅಂದರೆ, ಖಂಡಿತ ಬೇಡ. ಹಲ್ಲುನೋವೂ ತುಂಬಾ ಜನರಿಗೆ ಬರುತ್ತದೆ, ಅದನ್ನು ಮಾಮೂಲು ಅಂತ ಯಾರೂ ಮೂರು ವರ್ಷ ಇಟ್ಟುಕೊಳ್ಳುವುದಿಲ್ಲ ಅಲ್ವಾ?

ಕಿಬ್ಬೊಟ್ಟೆಯ ತಳದಲ್ಲಿ, ಮುಂದಿನ ಮೂಳೆಯಿಂದ ಹಿಂದೆ ಬಾಲಮೂಳೆಯವರೆಗೆ, ಜೋಲಿ ಕಟ್ಟಿದ ಹಾಗೆ ಸ್ನಾಯುಗಳಿವೆ. ಪೆಲ್ವಿಕ್ ಫ್ಲೋರ್ ಅನ್ನುತ್ತಾರೆ. ಮೂತ್ರಕೋಶ, ಗರ್ಭಕೋಶ, ಮಲನಾಳ ಮೂರಕ್ಕೂ ಇದೇ ಆಸರೆ. ಬಸುರಿಯಲ್ಲಿ ತಿಂಗಳುಗಟ್ಟಲೆ ಭಾರ ಹೊತ್ತು, ಹೆರಿಗೆಯಲ್ಲಿ ಹಿಗ್ಗಿ, ಆ ಜೋಲಿ ಸ್ವಲ್ಪ ಸಡಿಲ ಆಗಿರುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ನೆಲದಿಂದ ನಮ್ಮ ತೂಕದ ಎರಡರಿಂದ ಮೂರು ಪಟ್ಟು ಬಲ ಮೇಲಕ್ಕೆ ಬರುತ್ತದೆ. ಇಳಿಜಾರಿನಲ್ಲಿ ಹೆಜ್ಜೆ ಉದ್ದವಾಗಿ, ಕಾಲು ಧಪ್ ಅಂತ ಬೀಳುತ್ತದೆ. ಅಷ್ಟು ಹೊತ್ತಿಗೆ ಸರಿಯಾಗಿ ಬಿಗಿಯಾಗಬೇಕಾದ ಸ್ನಾಯು ಒಂದು ಕ್ಷಣ ತಡ ಮಾಡಿದರೆ ಸೋರುತ್ತದೆ. ಅಷ್ಟೇ ಇದರ ಗುಟ್ಟು. ಇದರಲ್ಲಿ ನಾಚಿಕೆಪಡುವುದು ಏನೂ ಇಲ್ಲ.

ಮೊದಲ ಚಿಕಿತ್ಸೆ ವ್ಯಾಯಾಮವೇ. ಗಾಳಿ ಹೋಗದ ಹಾಗೆ, ಮೂತ್ರ ಹೋಗದ ಹಾಗೆ ತಡೆಹಿಡಿಯುವಾಗ ಒಳಗಡೆ ಮೇಲಕ್ಕೆ ಎಳೆದ ಹಾಗಾಗುತ್ತದಲ್ಲ, ಆ ಎಳೆತ. ಪೃಷ್ಠ ಬಿಗಿಯುವುದಲ್ಲ, ತೊಡೆ ಒತ್ತುವುದಲ್ಲ, ಉಸಿರು ಕಟ್ಟುವುದೂ ಅಲ್ಲ. ಒಂದು ಸಲಕ್ಕೆ ಕನಿಷ್ಠ 8 ಎಳೆತ, ದಿನಕ್ಕೆ ಮೂರು ಸಲ, ಕನಿಷ್ಠ 3 ತಿಂಗಳು. ಕೆಲವು ಎಳೆತಗಳನ್ನು ಹಿಡಿದಿಟ್ಟುಕೊಳ್ಳಿ, ಮೊದಲು ಮೂರು ನಾಲ್ಕು ಸೆಕೆಂಡು, ಬರಬರುತ್ತಾ ಹತ್ತರವರೆಗೆ. ಕೆಲವನ್ನು ಚಕ್ ಅಂತ ಎಳೆದು ಬಿಡಿ, ಏಕೆಂದರೆ ಓಟದಲ್ಲಿ ಬೇಕಾಗುವುದು ಆ ಚುರುಕು. ಪ್ರತಿ ಸಲವೂ ಪೂರ್ತಿ ಸಡಿಲ ಬಿಡಬೇಕು, ಇದನ್ನೇ ಎಲ್ಲರೂ ಮರೆಯುತ್ತಾರೆ. ಮೂತ್ರ ಮಾಡುವಾಗ ಮಧ್ಯೆ ನಿಲ್ಲಿಸಿ ನಿಲ್ಲಿಸಿ ಅಭ್ಯಾಸ ಮಾಡುವವರಿದ್ದಾರೆ, ಅದು ಬೇಡ.

ಇದನ್ನು ಒಬ್ಬರೇ ಮಾಡುವುದಕ್ಕಿಂತ, ಒಂದು ಸಲವಾದರೂ ಪೆಲ್ವಿಕ್ ಫ್ಲೋರ್ ಗೊತ್ತಿರುವ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಕಾರಣ ಇದೆ. ಎಷ್ಟೋ ಜನ ಮೇಲಕ್ಕೆ ಎಳೆಯುವ ಬದಲು ಕೆಳಕ್ಕೆ ಮುಕ್ಕುತ್ತಿರುತ್ತಾರೆ, ಅವರಿಗೇ ಗೊತ್ತಿರುವುದಿಲ್ಲ. ಇನ್ನು ಕೆಲವರಿಗೆ ಆ ಸ್ನಾಯು ಸಡಿಲವಲ್ಲ, ಅತಿಯಾಗಿ ಬಿಗಿ. ಅವರು ಇನ್ನಷ್ಟು ಬಿಗಿಯುತ್ತಾ ಹೋದರೆ ತೊಂದರೆ ಜಾಸ್ತಿಯಾಗುತ್ತದೆ. ಮೂರು ತಿಂಗಳು ಸರಿಯಾಗಿ ಮಾಡಿಯೂ ಬಗ್ಗದಿದ್ದರೆ, ಒಳಗೆ ಇಟ್ಟುಕೊಳ್ಳುವ ಪೆಸರಿ ಎನ್ನುವ ಆಧಾರವಿದೆ, ಶಸ್ತ್ರಚಿಕಿತ್ಸೆಯೂ ಇದೆ. ಆದರೆ ಅದು ದೂರದ ಮಾತು, ಅದಕ್ಕೆ ಅದರದ್ದೇ ಅಪಾಯಗಳೂ ಇವೆ.

ಇಷ್ಟು ದಿನ ಓಟ ನಿಲ್ಲಿಸಬೇಕಾ? ನಿಮ್ಮ ವಿಷಯದಲ್ಲಿ ಬೇಡ ಅನ್ನಿಸುತ್ತದೆ. ಪ್ಯಾಡ್ ಹಾಕಿಕೊಂಡು ಓಡಿ, ಇಳಿಜಾರನ್ನು ಸದ್ಯಕ್ಕೆ ನಡೆದುಬಿಡಿ, ಹೆಜ್ಜೆ ಚಿಕ್ಕದು ಮಾಡಿ. ಸೋರುತ್ತದೆ ಅಂತ ನೀರು ಕುಡಿಯುವುದನ್ನು ಮಾತ್ರ ಕಡಿಮೆ ಮಾಡಬೇಡಿ. ಮೂತ್ರ ಗಟ್ಟಿಯಾದಷ್ಟೂ ಮೂತ್ರಕೋಶಕ್ಕೆ ಕಿರಿಕಿರಿ ಹೆಚ್ಚು. ಆದರೆ ಕೆಳಗಡೆ ಭಾರವಾದ ಹಾಗೆ, ಏನೋ ಇಳಿದುಬಂದ ಹಾಗೆ ಅನ್ನಿಸಿದರೆ, ಉರಿ ಇದ್ದರೆ, ಮೂತ್ರದಲ್ಲಿ ರಕ್ತ ಕಂಡರೆ, ಓಟ ನಿಲ್ಲಿಸಿ ಸ್ತ್ರೀರೋಗ ವೈದ್ಯರನ್ನು ನೋಡಿ. ಆವಾಗ ಮೂರು ತಿಂಗಳು ಕಾಯುವ ಮಾತೇ ಇಲ್ಲ.

ಅಮ್ಮನ ಮಾತಿಗೂ ಇಲ್ಲೇ ಉತ್ತರ ಸಿಗುತ್ತದೆ. ಓಡಿದ್ದಕ್ಕೆ ಚೆನ್ನಾಗಿದ್ದ ಗರ್ಭಕೋಶ ಕಳಚಿ ಜಾರುತ್ತದೆ ಅನ್ನುವುದು ಹಳೇ ಭಯ, ಅದು ಬರೀ ಅಮ್ಮನದ್ದಲ್ಲ. 1966ರಲ್ಲಿ ಬಾಬಿ ಗಿಬ್ ಎಂಬಾಕೆ ಬೋಸ್ಟನ್ ಮ್ಯಾರಥಾನ್‌ಗೆ ಅರ್ಜಿ ಹಾಕಿದಾಗ, ಹೆಂಗಸರ ದೇಹಕ್ಕೆ ಅಷ್ಟು ದೂರ ಓಡುವ ಶಕ್ತಿ ಇಲ್ಲ ಅಂತ ತಿರಸ್ಕರಿಸಿದ್ದರು. ಆಕೆ ಪೊದೆಯ ಮರೆಯಲ್ಲಿ ನಿಂತಿದ್ದು, ಓಟ ಶುರುವಾದ ಮೇಲೆ ಗುಂಪಿಗೆ ಸೇರಿಕೊಂಡು ಮುಗಿಸಿಯೇಬಿಟ್ಟಳು. ಅಲ್ಲಿ ಹೆಂಗಸರಿಗೆ ಅಧಿಕೃತವಾಗಿ ಜಾಗ ಸಿಕ್ಕಿದ್ದು 1972ರಲ್ಲಿ, ಒಲಿಂಪಿಕ್ಸ್‌ನಲ್ಲಿ ಹೆಂಗಸರ ಮ್ಯಾರಥಾನ್ ಬಂದಿದ್ದು 1984ರಲ್ಲಿ. ಅಂದರೆ ನಿಮ್ಮ ಅಮ್ಮನ ಕಾಲಕ್ಕೆ ದೊಡ್ಡ ದೊಡ್ಡವರೇ ಹೀಗೆ ನಂಬಿದ್ದರು, ಅವರನ್ನು ಬೈಯಬೇಡಿ. ಜೊತೆಗೆ ಅವರ ಮಾತಿನಲ್ಲಿ ಒಂದು ಎಳೆ ನಿಜವೂ ಇದೆ. ಹೆರಿಗೆಯಿಂದ, ವಯಸ್ಸಿನಿಂದ, ವರ್ಷಗಟ್ಟಲೆ ಮಲಬದ್ಧತೆಯಲ್ಲಿ ಮುಕ್ಕಿದ್ದರಿಂದ ಆಸರೆ ಈಗಾಗಲೇ ಸಡಿಲವಾಗಿದ್ದರೆ, ಜೋರಾಗಿ ಓಡಿದಾಗ ಆ ಭಾರ, ಆ ಎಳೆತ ಗೊತ್ತಾಗಬಹುದು. ಅದಕ್ಕೇ ಮೇಲೆ ಹೇಳಿದ ಲಕ್ಷಣಗಳ ಮೇಲೆ ಕಣ್ಣಿಡಿ ಅಂದದ್ದು.

ಮಂಡಿಯ ವಿಷಯದಲ್ಲಿ ಮಾತ್ರ ಅಮ್ಮ ಸೋತರು. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಸೊಂಟ ಅಥವಾ ಮಂಡಿಯ ಸಂಧಿವಾತ ಇದ್ದದ್ದು ಖುಷಿಗೆ ಓಡುವವರಲ್ಲಿ 3.5 ಶೇಕಡಾ, ಓಡದೇ ಕೂತವರಲ್ಲಿ 10.2 ಶೇಕಡಾ. ಸ್ಪರ್ಧೆಗಾಗಿ ಉನ್ನತ ಮಟ್ಟದಲ್ಲಿ ಓಡುವವರಲ್ಲಿ 13.3 ಶೇಕಡಾ. ಮಂಡಿ ನೋವಿರುವವರು ಮೊದಲೇ ಓಟ ಬಿಟ್ಟಿರುತ್ತಾರೆ, ಹಾಗಾಗಿ ಈ ಅಂಕಿಗಳನ್ನು ಸ್ವಲ್ಪ ಎಚ್ಚರದಿಂದ ಓದಬೇಕು ನಿಜ. ಆದರೂ ವಾರಕ್ಕೆ 18 ಕಿ.ಮೀ. ಓಡಿ ಆರೋಗ್ಯವಾಗಿದ್ದ ಮಂಡಿ ಸವೆಯುತ್ತದೆ ಎನ್ನುವುದಕ್ಕೆ ಆಧಾರವಿಲ್ಲ.

ಇನ್ನು ಉಂಡೆ.

ಸುಮ್ನೆ ಲೆಕ್ಕ ಹಾಕೋಣ. 25 ಗ್ರಾಂ ತೂಗುವ ಒಂದು ಉಂಡೆಯಲ್ಲಿ ಅರ್ಧ ಖರ್ಜೂರ, ಅರ್ಧ ಬಾದಾಮಿ ಅಂತ ಇಟ್ಟುಕೊಂಡರೆ ಸುಮಾರು 105 ಕ್ಯಾಲರಿ. ಓಟ್ಸ್, ಜೇನು ಸೇರಿದರೂ ಅಷ್ಟರ ಆಸುಪಾಸೇ. ಓಡುವುದಕ್ಕೆ ಕಿಲೋಮೀಟರಿಗೆ, ದೇಹದ ಒಂದು ಕಿಲೋ ತೂಕಕ್ಕೆ, ಹೆಚ್ಚುಕಡಿಮೆ ಒಂದು ಕ್ಯಾಲರಿ ಖರ್ಚು. 60 ಕೆ.ಜಿ., 6 ಕಿ.ಮೀ. ಅಂದರೆ 360. ಬೆಳಗಿನ ಮೂರು ಉಂಡೆಗೆ 315 ಹೋಯಿತು. ನೋಡಿ, ಈ ಲೆಕ್ಕ ಹಾಕಿದ ಕೂಡಲೇ ಎಷ್ಟು ಬೇಜಾರಾಗುತ್ತದೆ! ಬೆವರು ಸುರಿಸಿದ್ದೆಲ್ಲ ಮೂರು ಉಂಡೆಗೆ ಸಮ ಆಯಿತಾ ಅಂತ. ಅದಕ್ಕೇ ನಾನು ಯಾರಿಗೂ ಓಟವನ್ನು ತಿಂದದ್ದಕ್ಕೆ ದಂಡ ಅಂತ ನೋಡಬೇಡಿ ಅನ್ನುವುದು. ಆ ವ್ಯಾಪಾರದಲ್ಲಿ ಯಾವತ್ತೂ ಲಾಭ ಬರುವುದಿಲ್ಲ, ಕೊನೆಗೆ ಓಟದ ಮೇಲಿನ ಪ್ರೀತಿಯೂ ಹೋಗುತ್ತದೆ, ಉಂಡೆಯ ರುಚಿಯೂ ಹೋಗುತ್ತದೆ.

ಏರಿದ ಆ ಒಂದು ಕಿಲೋ ಕೊಬ್ಬೇ ಆಗಿರಬೇಕಿಲ್ಲ. ಓಟ ಜೋರಾದಾಗ ಸ್ನಾಯುಗಳು ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನನ್ನು ಹೆಚ್ಚಿಸಿಕೊಳ್ಳುತ್ತವೆ, ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರೂ ಸೇರುತ್ತದೆ. ಮುಟ್ಟಿನ ಮುಂಚಿನ ದಿನಗಳಲ್ಲಿ ತೂಗಿದರೆ ಇನ್ನೊಂದಷ್ಟು. ಒಂದು ಕಿಲೋ ಏರಿಳಿತ ವಾರದೊಳಗೇ ಆಗುತ್ತಿರುತ್ತದೆ. ತೂಕದ ಯಂತ್ರವನ್ನು ಮಂಚದ ಕೆಳಗೆ ತಳ್ಳಿ.

ಆದರೆ ಸಂಜೆಯ ಐದಾರು ಉಂಡೆ, ಅದು 500ರಿಂದ 600 ಕ್ಯಾಲರಿ. ಅದು ಲೆಕ್ಕಕ್ಕಿಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಅದನ್ನು ಬಾಯಿಚಪಲ ಅಂತ ನೀವು ಅಂದುಕೊಂಡಿದ್ದೀರಿ, ನಾನು ಹಾಗೆ ನೋಡುವುದಿಲ್ಲ. ಐದೂವರೆಗೆ ಓಡಲು ಹೋಗುತ್ತೀರಿ, ಮನೆಗೆ ಬಂದು ಒಂದು ಉಂಡೆ, ಆಮೇಲೆ ಹತ್ತೂವರೆವರೆಗೆ ಏನೂ ಇಲ್ಲ. ಓಡಿ ಬಂದ ದೇಹವನ್ನು ನಾಲ್ಕು ಗಂಟೆ ಕಾಯಿಸಿದ್ದೀರಿ. ಮಕ್ಕಳ ಡಬ್ಬಿ ತುಂಬಿಸುವ ಗಡಿಬಿಡಿಯಲ್ಲಿ ಹಸಿವೆ ಗೊತ್ತಾಗುವುದಿಲ್ಲ, ಗಡಿಬಿಡಿ ಮುಗಿದ ಮೇಲೆ ಬಡ್ಡಿ ಸಮೇತ ವಾಪಸು ಬರುತ್ತದೆ. ಮಧ್ಯಾಹ್ನದ ಸುಸ್ತು, ಸಂಜೆಯ ಡಬ್ಬಿ, ಎರಡೂ ಅದೇ ಬೆಳಗಿನ ಬಾಕಿ ಅಂತ ನನ್ನ ಅನುಮಾನ. ತಾಯಂದಿರಲ್ಲಿ ನಾನು ಪದೇ ಪದೇ ನೋಡುವುದು ಇದನ್ನೇ. ಎಲ್ಲರಿಗೂ ಬಡಿಸಿ ತಾವು ನಿಂತೇ ಇರುತ್ತಾರೆ.

ಪರಿಹಾರ ಬೇಸರ ಹುಟ್ಟಿಸುವಷ್ಟು ಸರಳ. ಓಡಿ ಬಂದ ಒಂದು ಗಂಟೆಯೊಳಗೆ ಕೂತು ತಿಂಡಿ ತಿನ್ನಿ. ಕೂತು ಅಂದೆ, ಗಮನಿಸಿ. ಅದರಲ್ಲಿ 15ರಿಂದ 20 ಗ್ರಾಂ ಪ್ರೋಟೀನ್ ಇರಲಿ: ಮೊಟ್ಟೆ, ಮೊಸರು, ಕಾಳು, ಯಾವುದು ನಿಮ್ಮ ಮನೆಯಲ್ಲಿ ನಡೆಯುತ್ತದೋ ಅದು. ಒಣಹಣ್ಣು, ಬೀಜದ ಉಂಡೆಯನ್ನು ಪ್ರೋಟೀನ್ ಉಂಡೆ ಅನ್ನುವ ರೂಢಿ ಬಂದಿದೆ, ನಿಮ್ಮ ಉಂಡೆಯಲ್ಲಿ ಪ್ರೋಟೀನ್ ಇರುವುದು ಮೂರು ಗ್ರಾಂ ಆಸುಪಾಸು. ಉಂಡೆ ಒಳ್ಳೆಯದೇ, ಆದರೆ ಅದು ಊಟದ ಕೆಲಸ ಮಾಡುವುದಿಲ್ಲ. ಅದೇ ಥರ "ಸಕ್ಕರೆ ಹಾಕಿಲ್ಲ, ಬರೀ ಖರ್ಜೂರ" ಅನ್ನುವ ಸಮಾಧಾನವೂ ಪೂರ್ತಿ ನಿಜವಲ್ಲ. ಖರ್ಜೂರದ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸಕ್ಕರೆಯೇ. ನಾರು, ಖನಿಜ ಜೊತೆಗಿವೆ ಅನ್ನುವುದು ನಿಜ. ಜೇನಿಗೆ ಆ ನೆಪವೂ ಇಲ್ಲ, ಅದು ಸಕ್ಕರೆಯೇ. ಖರ್ಜೂರ ಹೇಗೂ ಅಂಟುತ್ತದೆ, ಜೇನು ಇಲ್ಲದೆಯೂ ಉಂಡೆ ಕೂರುತ್ತದೆ, ಒಮ್ಮೆ ಮಾಡಿ ನೋಡಿ.

ಹೊಟ್ಟೆ ಹಿಡಿದುಕೊಳ್ಳುವುದಕ್ಕೂ ಉಂಡೆಯೇ ಕಾರಣ ಇರಬಹುದು. ಉಂಡೆ ಕೆಟ್ಟದ್ದು ಅಂತಲ್ಲ, ಹೊತ್ತು ತಪ್ಪು. ಬಾದಾಮಿಯ ಕೊಬ್ಬು, ಓಟ್ಸ್‌ನ ನಾರು ಹೊಟ್ಟೆಯಲ್ಲಿ ನಿಧಾನವಾಗಿ ಕರಗುತ್ತವೆ. ಓಡುವಾಗ ರಕ್ತ ಕಾಲಿನ ಸ್ನಾಯುಗಳ ಕಡೆ ಹೋಗಿರುತ್ತದೆ, ಜೀರ್ಣಕ್ಕೆ ಸಿಗುವುದು ಕಡಿಮೆ. ಹತ್ತು ನಿಮಿಷ ಮುಂಚೆ ಎರಡು ಉಂಡೆ ಇಳಿಸಿದರೆ ಅವು ಅಲ್ಲೇ ಕೂತು ಕುಲುಕಾಡುತ್ತವೆ. 6 ಕಿ.ಮೀ. ಓಟಕ್ಕೆ ಮುಂಚೆ ಏನೂ ತಿನ್ನದಿದ್ದರೂ ನಡೆಯುತ್ತದೆ, ರಾತ್ರಿಯ ಊಟದ ದಾಸ್ತಾನು ಸಾಕು. ಖಾಲಿ ಹೊಟ್ಟೆಯಲ್ಲಿ ತಲೆ ಸುತ್ತಿದ ಹಾಗಾದರೆ ಬರೀ ಒಂದೆರಡು ಖರ್ಜೂರ, ಅಥವಾ ಅರ್ಧ ಬಾಳೆಹಣ್ಣು. ಬಾದಾಮಿಯ ಉಂಡೆ ಓಟದ ನಂತರಕ್ಕೆ ಇರಲಿ. ಇನ್ನೊಂದು ಉಂಡೆ ದಿನಾ ಸಂಜೆ ನಾಲ್ಕಕ್ಕೆ, ಕೆಲಸದ ಜಾಗದಲ್ಲೇ, ಹಸಿವು ತಲೆಗೇರುವ ಮುಂಚೆ. ಹೀಗೆ ಮಾಡಿದರೆ ಅಡುಗೆಮನೆಯ ಐದಾರು ಉಂಡೆ ಎರಡಕ್ಕೆ ತಾನಾಗಿಯೇ ಇಳಿಯುತ್ತದೆ. ತಿನ್ನಬಾರದು ಅಂತ ಹಠ ಹಿಡಿದು ಡಬ್ಬಿ ಮೇಲಿನ ಅಟ್ಟಕ್ಕೆ ಏರಿಸಿದರೆ ಏನಾಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಸ್ಟೂಲ್ ಹಾಕಿ ಇಳಿಸಿಕೊಳ್ಳುತ್ತೀರಿ.

ಎರಡು ವಾರ ಹೀಗೆ ತಿಂದ ಮೇಲೂ ಸುಸ್ತು ಹೋಗದಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಕೂಡ ನೋಡಬೇಕು, ಅದು ಕಬ್ಬಿಣದ ದಾಸ್ತಾನು. ಬಸುರಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, ಆದರೆ ಅದು 12ರ ಮೇಲಿದ್ದೂ ದಾಸ್ತಾನು ಖಾಲಿಯಾಗಿರಬಹುದು. ಕಬ್ಬಿಣದ ಮಾತ್ರೆಯನ್ನು ಪರೀಕ್ಷೆ ಇಲ್ಲದೆ ನೀವೇ ಶುರು ಮಾಡಬೇಡಿ. ತಿಂಡಿಯ ಜೊತೆಗೇ ಕಾಫಿ, ಟೀ ಕುಡಿಯುವ ಅಭ್ಯಾಸ ಇದ್ದರೆ ಒಂದು ಗಂಟೆ ಅಂತರ ಕೊಡಿ, ಅವು ಕಬ್ಬಿಣ ಹೀರಿಕೊಳ್ಳುವುದನ್ನು ತಡೆಯುತ್ತವೆ. ನೀವು ಮುಟ್ಟಿನ ಬಗ್ಗೆ ಬರೆದಿಲ್ಲ. ಮೂರು ತಿಂಗಳು ಸಾಲಾಗಿ ಬರದೇ ಹೋದರೆ, ಬಸುರಿಯಲ್ಲ ಅಂತ ಖಾತ್ರಿ ಇದ್ದರೂ ವೈದ್ಯರನ್ನು ನೋಡಿ. ಓಡುವಷ್ಟಕ್ಕೆ ತಕ್ಕ ಹಾಗೆ ತಿನ್ನದಿದ್ದಾಗ ದೇಹ ಮೊದಲು ಕಡಿತ ಮಾಡುವ ಖರ್ಚುಗಳಲ್ಲಿ ಅದೂ ಒಂದು, ಆಮೇಲಿನ ಸರದಿ ಮೂಳೆಯದು.

ಗೆಳತಿಯ ವಿಷಯಕ್ಕೆ ನಾನು ಬೇಕೆಂದೇ ತಡವಾಗಿ ಬಂದೆ. ಇದು ಸ್ವಲ್ಪ ನಾಜೂಕು.

ಜೊತೆಯಲ್ಲಿ ಓಡಿದರೆ ಸುಲಭ ಅನ್ನಿಸುತ್ತದೆ, ಅದು ಭ್ರಮೆಯಲ್ಲ. 2010ರಲ್ಲಿ ಆಕ್ಸ್‌ಫರ್ಡ್‌ನ ದೋಣಿ ಹುಟ್ಟುಹಾಕುವ ಆಟಗಾರರ ಮೇಲೆ ಒಂದು ಚಿಕ್ಕ ಅಧ್ಯಯನ ನಡೆದಿತ್ತು. ಒಬ್ಬರೇ ಅಭ್ಯಾಸ ಮಾಡಿದ ದಿನಕ್ಕಿಂತ ಒಟ್ಟಿಗೆ ಲಯ ಕೂಡಿಸಿ ಮಾಡಿದ ದಿನ ಅವರ ನೋವು ತಡೆಯುವ ಶಕ್ತಿ ಜಾಸ್ತಿ ಏರಿತ್ತು, ಪಟ್ಟ ಶ್ರಮ ಎರಡೂ ದಿನ ಒಂದೇ ಆಗಿದ್ದರೂ. ಚಳಿಯ ಕತ್ತಲಲ್ಲಿ ನಿಮ್ಮನ್ನು ಹಾಸಿಗೆಯಿಂದ ಎಬ್ಬಿಸುವುದೂ ಇಂಥದ್ದೇ ಏನೋ. ಗೇಟಿನ ಹತ್ತಿರ ಅವಳು ನಿಂತಿರುತ್ತಾಳೆ ಅನ್ನುವ ಒಂದೇ ಕಾರಣಕ್ಕೆ ಶೂ ಕಟ್ಟುತ್ತೀರಿ, ಅಲ್ವಾ? ಆದರೆ ಇದೇ ವರ ತಿರುಗಿಯೂ ಕೂರುತ್ತದೆ. ಒಬ್ಬರೇ ಇದ್ದಿದ್ದರೆ ಎಲ್ಲಿ ನಿಧಾನ ಮಾಡುತ್ತಿದ್ದಿರೋ ಅಲ್ಲಿ ಗೆಳತಿಯ ಜೊತೆ ಮಾಡುವುದಿಲ್ಲ, ನೋವು ಗೊತ್ತಾಗುವುದೂ ತಡ. ಹೊಟ್ಟೆ ಹಿಡಿದುಕೊಳ್ಳುವುದು, ಸೋರುವುದು, ಸುಸ್ತು, ಈ ಎಲ್ಲದರಲ್ಲೂ ಆ ಎರಡು ತಿಂಗಳ ವೇಗದ ಪಾಲಿದೆ ಅಂತ ನನಗನ್ನಿಸುತ್ತದೆ.

ವೇಗ ಸರಿಯಾಗಿದೆಯಾ ಅಂತ ತಿಳಿಯಲು ಗಡಿಯಾರ ಬೇಡ. ಓಡುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಎರಡು ಪದಕ್ಕೊಮ್ಮೆ ಉಸಿರು ಬೇಕಾದರೆ ಅದು ನಿಮ್ಮ ವೇಗವಲ್ಲ, ಅವಳದ್ದು. ಅವಳು ತಯಾರಾಗುತ್ತಿರುವುದು 21.1 ಕಿ.ಮೀ.ಗೆ, ನೀವು ಓಡುವುದು ಬೆಳಗಿನ ಒಂದು ಗಂಟೆಯ ನೆಮ್ಮದಿಗೆ. ಅವಳಿಗೂ ಜೋರು ಓಟ ವಾರದಲ್ಲಿ ಒಂದೆರಡು ದಿನ ಸಾಕು, ಉಳಿದದ್ದು ನಿಧಾನವೇ ಇರಬೇಕು. ಆ ನಿಧಾನದ ದಿನಗಳನ್ನು ನಿಮಗೆ ಕೊಡಲಿ. ಜೋರಿನ ದಿನ ಒಟ್ಟಿಗೆ ಹೊರಟು, ಅವಳು ಮುಂದೆ ಹೋಗಿ ತಿರುಗಿ ಬರಲಿ, ನೀವು ನಿಮ್ಮ ಪಾಡಿಗೆ ಓಡಿ, ಕೊನೆಯ ಹತ್ತು ನಿಮಿಷ ಇಬ್ಬರೂ ನಡೆಯಿರಿ. ಉಂಡೆಯ ಡಬ್ಬಿ ಅಲ್ಲಿ ತೆರೆಯಬಹುದು. ಇಲ್ಲೂ ಒಂದು ಅಪಾಯವಿದೆ, ಮುಚ್ಚಿಡುವುದಿಲ್ಲ: ಕೆಲವು ಜೋಡಿಗಳು ಹೀಗೆ ಬೇರೆಯಾಗಿ ಓಡಲು ಶುರು ಮಾಡಿ ಕ್ರಮೇಣ ಒಟ್ಟಿಗೆ ಸೇರುವುದನ್ನೇ ಬಿಟ್ಟದ್ದನ್ನು ನೋಡಿದ್ದೇನೆ. ಹಾಗಾಗಿ ನಿಧಾನದ ದಿನ ಯಾವುದು ಅಂತ ಮೊದಲೇ ಮಾತಾಡಿ ಗಟ್ಟಿ ಮಾಡಿಕೊಳ್ಳಿ. ಸಾಧ್ಯವಾದರೆ ಸೋರುವ ವಿಷಯವನ್ನೂ ಅವಳಿಗೆ ಹೇಳಿ. ನಾನು ಹೀಗೆ ಹೇಳಿ ಕಳಿಸಿದವರಲ್ಲಿ ಎಷ್ಟೋ ಜನ ವಾಪಸು ಬಂದು ನಗುತ್ತಾ ಹೇಳಿದ್ದು ಒಂದೇ: "ಡಾಕ್ಟ್ರೇ, ಅವಳಿಗೂ ಇದೆಯಂತೆ."

ಒಂದು ಕಡೆ ಮಾತ್ರ ಮುಲಾಜು ಬೇಡ. ಕಣಕಾಲಿನಲ್ಲೋ ಪಾದದಲ್ಲೋ ಬೆರಳಿಟ್ಟು ಇಲ್ಲೇ ಅಂತ ತೋರಿಸುವಂಥ ನೋವು ಬಂದರೆ, ರಾತ್ರಿ ಮಲಗಿದಾಗಲೂ ಇದ್ದರೆ, ಅವತ್ತೇ ಓಟ ನಿಲ್ಲಿಸಿ ತೋರಿಸಿ. ಅದು ಮೂಳೆಯ ಬಿರುಕಿರಬಹುದು. ಗೆಳತಿ ಗೇಟಿನ ಹತ್ತಿರ ಕಾಯುತ್ತಿದ್ದರೂ ಸರಿ.

ಚಿಕ್ಕವನ ಉಂಡೆ ಒಂದು ಉಳಿಯಿತು. ಕೊಡಬಹುದು, ಆದರೆ ಇಡೀ ಬಾದಾಮಿ, ದಪ್ಪ ಚೂರು ಇರಬಾರದು. ಐದು ವರ್ಷದ ಒಳಗಿನ ಮಕ್ಕಳಿಗೆ ಅದು ಉಸಿರಿನ ದಾರಿಯಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಬಾದಾಮಿಯನ್ನು ನುಣ್ಣಗೆ ಪುಡಿ ಮಾಡಿ, ಉಂಡೆಯನ್ನು ಚಪ್ಪಟೆ ಒತ್ತಿ, ಕೂರಿಸಿ ತಿನ್ನಿಸಿ, ಓಡಾಡುತ್ತಾ ಬೇಡ. ಜೇನು ಒಂದು ವರ್ಷದೊಳಗಿನ ಮಗುವಿಗೆ ಕೂಡದು, ನಿಮ್ಮವನು ಆ ವಯಸ್ಸು ದಾಟಿದ್ದಾನೆ, ಆದರೆ ಡಬ್ಬಿ ಕೊಡುವ ಮನೆಯಲ್ಲಿ ಕೂಸಿದ್ದರೆ ಹೇಳಿಬಿಡಿ. ಬೀಜಗಳ ಅಲರ್ಜಿ ಯಾರಿಗಾದರೂ ಇದೆಯಾ ಅಂತಲೂ ಕೊಡುವ ಮುಂಚೆಯೇ ಕೇಳಿ. ಖರ್ಜೂರ ಹಲ್ಲಿಗೆ ಅಂಟುತ್ತದೆ, ಹಾಗಾಗಿ ಮಲಗುವ ಹೊತ್ತಿನಲ್ಲಿ ಕೊಡಬೇಡಿ, ಊಟದ ಜೊತೆಗೆ ಕೊಟ್ಟು ಮೇಲೆ ನೀರು ಕುಡಿಸಿ.